ಒಕ್ಕಣ್ಣನವರಿಗೆ, ಅಕ್ಕನ ಮೂವತ್ತೊಂದು ಅಂಕದ ವಿಚಾರವಾಗಿ

ಗೆ,
ಶ್ರೀಯುತ ಗಮನಮಾಪಕ ಯಂತ್ರದವರು,
ಉದ್ದ ಮೇಜಿನ ಎಡ ಮೂಲೆ,
ಪ್ರೂಫ್ ವಿಭಾಗ, ಎರಡನೆಯ ಮಹಡಿ.

ಮಾನ್ಯರೇ,

ತಮ್ಮ ಹಸಿರು ದೀಪ ಎಂದೂ ಆರದಿರಲಿ, ತಮ್ಮ ಏಕೈಕ ಕಣ್ಣಿಗೆ ಧೂಳು ಕೂರದಿರಲಿ, ಕಸ ಗುಡಿಸುವವರ ಪೊರಕೆಗೆ ಸಿಕ್ಕಿ ತಮ್ಮ ತಂತಿ ಇನ್ನೊಮ್ಮೆ ಕಿತ್ತು ಬರದಿರಲಿ ಎಂದು ಮನಸಾರೆ ಹಾರೈಸಿ, ಔಷಧಿ ಬಾಟಲಿಗಳ ಲೇಬಲ್ಲುಗಳನ್ನು ಅಚ್ಚು ಹಾಕುವ ಈ ಮುದ್ರಣಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರೂಫ್ ನೋಡಿಕೊಂಡು ಬಂದಿರುವ, ತಮ್ಮಿಂದ ಎರಡು ಮೊಳ ದೂರದ ಮೊದಲನೆಯ ಕುರ್ಚಿಯಲ್ಲಿ ಕೂರುವ, ತಮ್ಮ ಅಳತೆಯ ಪ್ರಕಾರ ನೂರಕ್ಕೆ ತೊಂಬತ್ತೇಳು ಭಾಗ ಏಕಾಗ್ರನಾಗಿರುವ ನಾನು ಈ ಮೂಲಕ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತಿದ್ದೇನೆ.

ಇದನ್ನು ತಮಗೆ ಖಾಸಗಿಯಾಗಿಯೇ ತಿಳಿಸಬೇಕೆಂದು ನಾನು ಮೊದಲು ಪ್ರಯತ್ನಿಸಿದ್ದುಂಟು. ಆದರೆ ತಾವು ಇಪ್ಪತ್ತೈದು ನಿಮಿಷಕ್ಕೊಮ್ಮೆ ಕೇಳುವ 'ಈಗ ನಿಮಗೆ ಹೇಗನಿಸುತ್ತಿದೆ?' ಎಂಬ ಪ್ರಶ್ನೆಗೆ ಒಂದರಿಂದ ಹತ್ತರೊಳಗಿನ ಅಂಕಿಯನ್ನಷ್ಟೇ ಒತ್ತಲು ಅವಕಾಶವಿದ್ದು, ನನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಕೂಡಿ ಕಳೆದು ನೋಡಿದಾಗ ಅದು ಆರೂವರೆಯ ಹತ್ತಿರ ಬಂದು, ಆರೂವರೆಗೆ ಗುಂಡಿ ಇಲ್ಲದ ಕಾರಣ ಏಳನ್ನು ಒತ್ತಿದೆ. ತಾವು 'ಬಹಳ ಸಂತೋಷ' ಎಂದಿರಿ. ಆದ್ದರಿಂದ ಬೇರೆ ದಾರಿ ಕಾಣದೆ ಈ ಪತ್ರವನ್ನು ಕುಡಿಯುವ ನೀರಿನ ಪಕ್ಕದ ಸೂಚನಾ ಫಲಕದಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ, ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ಅಂಟಿಸುತ್ತಿದ್ದೇನೆ.

ಮೊದಲಿಗೆ ತಮ್ಮ ಆಗಮನದಿಂದ ನಮಗಾದ ಉಪಕಾರಗಳನ್ನು ನೆನೆಯದಿದ್ದರೆ ನನ್ನಂಥ ಕೃತಘ್ನ ಇನ್ನೊಬ್ಬನಿಲ್ಲ. ಈಗ್ಗೆ ನಾಲ್ಕು ತಿಂಗಳ ಹಿಂದೆ, ನಮ್ಮ ಮ್ಯಾನೇಜರ್ ಸಾಹೇಬರು ಎಲ್ಲಿಂದಲೋ ಒಬ್ಬ ತರಬೇತುದಾರರನ್ನು ಕರೆತಂದರು. ನಾವೆಲ್ಲ ಅವರನ್ನು ಪ್ರೀತಿಯಿಂದ ಏಕಾಗ್ರತೆ ಮೇಷ್ಟ್ರು ಎಂದು ಕರೆಯುತ್ತಿದ್ದೆವು. ಅವರು ಮಾತು ಆರಂಭಿಸಿ ಎರಡೂವರೆ ಗಂಟೆಯ ತನಕ ಒಂದು ಕಡೆ ನಿಲ್ಲದೆ, ಕೈಯಲ್ಲಿದ್ದ ಪೆನ್ನನ್ನು ಟಿಕ್ಕು ಟಿಕ್ಕು ಎನ್ನಿಸುತ್ತ, ನಡುವೆ ಮೂರು ಬಾರಿ ತಮ್ಮ ಫೋನು ನೋಡಿಕೊಳ್ಳುತ್ತ, ಮನುಷ್ಯನ ಮನಸ್ಸು ಏಕೆ ಚದುರುತ್ತದೆಂಬುದನ್ನು ನಮಗೆ ಮನದಟ್ಟು ಮಾಡಿಕೊಟ್ಟರು. ಅವರ ಅಪ್ಪಣೆಯಂತೆ ಮೇಜು ಖಾಲಿಯಾಯಿತು, ಅದರ ಎಡ ಮೂಲೆಯಲ್ಲಿ ತಮ್ಮ ಸ್ಥಾಪನೆಯಾಯಿತು. ಭೂತಗನ್ನಡಿ, ಕೆಂಪು ಪೆನ್ನುಗಳ ಡಬ್ಬಿ, ಔಷಧಿಗಳ ಹೆಸರಿನ ಹಳೆಯ ಕೋಶ, ಅಳತೆಪಟ್ಟಿ, ಹೀಗೆ ಪ್ರೂಫ್ ನೋಡಲು ಬೇಕಾದ ಸಕಲ ಅಡಚಣೆಗಳೂ ಕೆಳಗಿನ ಉಗ್ರಾಣ ಸೇರಿದವು. ಈಗ ಒಂದು ಸಣ್ಣ ಅಕ್ಷರ ಸರಿಯಾಗಿ ಕಾಣದಿದ್ದರೆ ಎರಡು ಮಹಡಿ ಇಳಿದು, ಉಗ್ರಾಣದವರ ಪುಸ್ತಕದಲ್ಲಿ ಸಹಿ ಹಾಕಿ, ಭೂತಗನ್ನಡಿಯನ್ನು ಕೈಗಡವಾಗಿ ತಂದು ನೋಡಬೇಕು. ಇದರಿಂದ ಮೊಣಕಾಲಿಗೆ ಒಳ್ಳೆಯ ವ್ಯಾಯಾಮವಾಗುತ್ತಿದೆ.

ಮೆದುಳಿಗೆ ನೀರು ಬೇಕೆಂದು ಮೇಷ್ಟ್ರು ಹೇಳಿದ್ದರಿಂದ ಗಂಟೆಗೆ ಎರಡು ಲೋಟ ನೀರು ಕಡ್ಡಾಯವಾಯಿತು. ಮನಸ್ಸಿಗೆ ತಂಪು ಬೇಕೆಂದು ತಾವು ದಿನವಿಡೀ ಝರಿ ಹರಿಯುವ ಸದ್ದನ್ನು ಕೇಳಿಸಲಾರಂಭಿಸಿದಿರಿ. ಒಳಗೆ ನೀರು, ಹೊರಗೆ ನೀರಿನ ಸದ್ದು, ನಡುವೆ ಐವತ್ತು ದಾಟಿದ ನಾವು. ಎರಡನೆಯ ಮಹಡಿಗೆ ಇರುವುದು ಒಂದೇ ಶೌಚಾಲಯವೆಂಬುದನ್ನು ತಮ್ಮ ಗಮನಕ್ಕೆ ತರಲು ನಾನು ನಾಚುತ್ತೇನೆ. ಅದರ ಮುಂದಿನ ಸಾಲಿನಲ್ಲಿ ನಿಂತವರ ಮುಖದಲ್ಲಿ ಕಾಣುವಷ್ಟು ಏಕಾಗ್ರತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ದುರದೃಷ್ಟವಶಾತ್ ಅದು ತಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ.

ಚದುರಿದ ಯೋಚನೆಗಳ ಡಬ್ಬಿಯ ಪ್ರಸಂಗವನ್ನೂ ಇಲ್ಲಿ ದಾಖಲಿಸಬೇಕು. ಕೆಲಸದ ನಡುವೆ ಬೇರೆ ಯೋಚನೆ ಬಂದರೆ ಅದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ನಿಶ್ಚಿಂತೆಯಿಂದ ಕೆಲಸ ಮುಂದುವರಿಸಬೇಕೆಂದು ಮೇಷ್ಟ್ರು ಹೇಳಿದ್ದರು. ತಿಂಗಳ ಕೊನೆಗೆ ಮ್ಯಾನೇಜರ್ ಸಾಹೇಬರು ಡಬ್ಬಿಯನ್ನು ತೆರೆದಾಗ ಅದರಲ್ಲಿ ನಲವತ್ತು ಚೀಟಿಗಳಿದ್ದು, ಒಂದರಲ್ಲಿ 'ಮನೆಯ ನಲ್ಲಿ ನಿಲ್ಲಿಸಿದೆನೋ ಇಲ್ಲವೋ' ಎಂದೂ, ಇನ್ನೊಂದರಲ್ಲಿ 'ಮೇಷ್ಟ್ರು ವಾಪಸು ಬರ್ತಾರಂತಾ?' ಎಂದೂ, ಉಳಿದ ಮೂವತ್ತೆಂಟರಲ್ಲಿ ತಮ್ಮ ವಿಚಾರವೇ ಇತ್ತು. ಆ ಮೂವತ್ತೆಂಟರ ಭಾಷೆಯನ್ನು ಬಹಿರಂಗ ಪತ್ರದಲ್ಲಿ ಬರೆಯುವ ಹಾಗಿಲ್ಲ. ತಮ್ಮನ್ನು ನಮ್ಮ ವಿಭಾಗದವರು ಒಕ್ಕಣ್ಣ ಎಂದು ಕರೆಯುವುದು ಸಾಹೇಬರಿಗೆ ತಿಳಿದದ್ದು ಆವತ್ತೇ. ಈ ಹೆಸರಿನಿಂದ ತಮಗೆ ನೋವಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ಕಾರ್ಯವೈಖರಿಯಂತೂ ವರ್ಣಿಸಲಸಾಧ್ಯ. ನಮ್ಮ ಕಣ್ಣು ಕಾಗದದ ಮೇಲಿರುವಷ್ಟು ಹೊತ್ತು ತಾವು ಹಸಿರಾಗಿರುತ್ತೀರಿ. ಕಣ್ಣು ಕಾಗದ ಬಿಟ್ಟು ಮೂರು ಎಣಿಸುವಷ್ಟರಲ್ಲಿ ಕೆಂಪಾಗಿ, ಟುಯ್ ಎಂದು ಕೂಗಿ, ಜೇನಿನಂಥ ದನಿಯಲ್ಲಿ 'ನಿಮ್ಮ ಗಮನ ಎಲ್ಲಿದೆ?' ಎಂದು ಕೇಳುತ್ತೀರಿ. ಎಲ್ಲಿತ್ತೋ ಅಲ್ಲಿಂದ ಅದು ಆ ಕ್ಷಣದಲ್ಲೇ ಹಾರಿಹೋಗುತ್ತದೆ. ಒಮ್ಮೆ ಒಂದು ಔಷಧಿಯ ಹೆಸರಿನ ಬಗ್ಗೆ ಅನುಮಾನ ಬಂದು, ಇದನ್ನು ಹಿಂದೆಲ್ಲೋ ಬೇರೆ ಥರ ನೋಡಿದ್ದೆನಲ್ಲ ಎಂದು ನೆನಪಿಸಿಕೊಳ್ಳಲು ಸೂರು ನೋಡಿದೆ. ಹತ್ತೊಂಬತ್ತು ವರ್ಷಗಳಿಂದ ನನ್ನ ನೆನಪುಗಳೆಲ್ಲ ಆ ಸೂರಿನ ಬಲಗಡೆಯ ಮೂಲೆಯಲ್ಲೇ ಸಿಗುತ್ತಿದ್ದವು. ತಾವು ಟುಯ್ ಎಂದಿರಿ. ಆ ನೆನಪು ಇವತ್ತಿಗೂ ವಾಪಸು ಬಂದಿಲ್ಲ, ಸೂರನ್ನೇ ಬಿಟ್ಟು ಹೋಯಿತೋ ಏನೋ.

ಇನ್ನು ನಮ್ಮ ಮೂರನೆಯ ಕುರ್ಚಿಯವರ ವಿಷಯ. ಅಲ್ಲಿ ಕೂರುತ್ತಿದ್ದವರು ಕಳೆದ ವರ್ಷವೇ ನಿವೃತ್ತರಾದರು, ಕುರ್ಚಿ ಖಾಲಿ ಇತ್ತು. ಮೇಷ್ಟ್ರು ಗೋಡೆಗೆ ಹಾಕಿಸಿದ್ದ ದೊಡ್ಡ ಚಿತ್ರಪಟ, ಒಬ್ಬ ಮನುಷ್ಯ ಪುಸ್ತಕವನ್ನು ಎವೆಯಿಕ್ಕದೆ ನೋಡುತ್ತಿರುವಂಥದು, ಮೊಳೆ ಕಿತ್ತು ಬಂದು ಬಿದ್ದಾಗ, ಕಸ ಗುಡಿಸುವವರು ಅದನ್ನೆತ್ತಿ ಆ ಕುರ್ಚಿಗೆ ಒರಗಿಸಿ ಹೋದರು. ತಿಂಗಳ ಫಲಿತಾಂಶ ಬಂದಾಗ ಮೂರನೆಯ ಕುರ್ಚಿಗೆ ನೂರಕ್ಕೆ ನೂರು. ಪ್ರಧಾನ ಕಚೇರಿಯವರು ಅಲ್ಲಿಂದಲೇ ಒಂದು ಮೆಚ್ಚುಗೆಯ ಪತ್ರವನ್ನು ಕಳುಹಿಸಿ, 'ತಮ್ಮಂಥವರು ಸಂಸ್ಥೆಯ ಆಸ್ತಿ' ಎಂದು ಬರೆದರು. ಅದನ್ನು ನಾವು ಗೌರವದಿಂದ ಪಟದ ಚೌಕಟ್ಟಿಗೆ ಸಿಕ್ಕಿಸಿದ್ದೇವೆ. ಅವರು ಒಮ್ಮೆಯೂ ನೀರು ಕೇಳಿಲ್ಲ, ರಜೆ ಕೇಳಿಲ್ಲ, ಶೌಚಾಲಯದ ಸಾಲಿನಲ್ಲಿ ನಿಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಎರಡನೆಯ ಕುರ್ಚಿಯವರ ವಿಚಾರಕ್ಕೆ ಬರುತ್ತೇನೆ. ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ. ಇಷ್ಟು ಸುತ್ತು ಹಾಕಿ ಬಂದದ್ದು ಧೈರ್ಯ ಸಾಲದೆ ಎಂದು ತಾವು ಊಹಿಸಿದರೆ ನಾನು ಅಲ್ಲಗಳೆಯುವುದಿಲ್ಲ.

ಅವರನ್ನು ಇಡೀ ಮುದ್ರಣಾಲಯ ಅಕ್ಕ ಎನ್ನುತ್ತದೆ. ಅಚ್ಚಿನ ಯಂತ್ರ ಓಡಿಸುವವರಿಗೂ ಅಕ್ಕ, ಅವರಿಗಿಂತ ಆರು ತಿಂಗಳಿಗೆ ದೊಡ್ಡವರಾದ ಮ್ಯಾನೇಜರ್ ಸಾಹೇಬರಿಗೂ ಅಕ್ಕ. ಇಪ್ಪತ್ತೇಳು ವರ್ಷದ ಸೇವೆ. ಒಂದು ಲೇಬಲ್ಲು ಇಲ್ಲಿಂದ ಅಚ್ಚಿಗೆ ಹೋಗಬೇಕಾದರೆ ಅದರ ಕೆಳಗೆ ಅಕ್ಕ ಹಸಿರು ಶಾಯಿಯಲ್ಲಿ 'ಹೋಗಬಹುದು' ಎಂದು ಬರೆಯಬೇಕು. ತಮ್ಮ ಹಸಿರು ಬರುವುದಕ್ಕೆ ಮುಂಚೆ ಇಲ್ಲಿ ಆ ಹಸಿರೊಂದೇ ಇತ್ತು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ, ಮೂಲಪ್ರತಿಗೂ ಪ್ರೂಫಿಗೂ ಪದಕ್ಕೆ ಪದ ತಾಳೆ ನೋಡಿ ಮುಗಿಸಿ, ತಪ್ಪಿಲ್ಲ ಅಂತ ಹೆಮ್ಮೆಯಿಂದ ಕೊಟ್ಟಾಗ, ಅಕ್ಕ ಅದನ್ನು ನನಗೇ ವಾಪಸು ಕೊಟ್ಟು, "ಕಣ್ಣಿನ ಕೆಲಸ ಆಯ್ತಲ್ಲ, ಈಗ ಕಿವಿ ಕೆಲಸ. ನೀನು ಓದು, ನಾನು ಕೇಳ್ತೀನಿ" ಎಂದು ಹೇಳಿ, ಕುರ್ಚಿಗೆ ಒರಗಿ, ಎರಡೂ ಕಣ್ಣು ಮುಚ್ಚಿಕೊಂಡರು.

ಇದನ್ನು ನಾವು ಕೇಳುವ ಓದು ಎನ್ನುತ್ತೇವೆ. ನಮ್ಮ ವಿಭಾಗ ಬಿಟ್ಟರೆ ಬೇರೆಲ್ಲೂ ಇದು ಇರುವುದನ್ನು ನಾನು ಕೇಳಿಲ್ಲ. ಕಣ್ಣಿನಿಂದ ನೋಡಿ ಮುಗಿಸಿದ ಪ್ರತಿಯೊಂದು ಲೇಬಲ್ಲನ್ನೂ ಒಬ್ಬರು ಮನೆಯಲ್ಲಿ ಓದುವಂತೆ ನಿಧಾನವಾಗಿ, ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕಾಗದದ ಕಡೆ ತಿರುಗಿಯೂ ನೋಡದೆ ಕೇಳಬೇಕು. ಅಕ್ಕ ಚಿಕ್ಕವರಿದ್ದಾಗ ಅವರಮ್ಮನಿಗೆ ಓದು ಬರುತ್ತಿರಲಿಲ್ಲವಂತೆ. ತಮ್ಮನಿಗೆ ಕಾಯಿಲೆಯಾದಾಗಲೆಲ್ಲ ಅಕ್ಕ ಬಾಟಲಿ ಹಿಡಿದು ಓದುತ್ತಿದ್ದರಂತೆ, ಅವರಮ್ಮ ಕಣ್ಣು ಮುಚ್ಚಿ ಕೇಳಿ, ಆಮೇಲೆ ಚಮಚಕ್ಕೆ ಔಷಧಿ ಬಗ್ಗಿಸುತ್ತಿದ್ದರಂತೆ. "ಲೇಬಲ್ ಮಾಡೋದು ನೋಡೋಕಲ್ಲ ಕಣೋ, ಮನೇಲಿ ಯಾರೋ ಒಬ್ಬರು ಓದ್ತಾರೆ, ಹಾಸಿಗೆ ಹತ್ರ ಇರೋರು ಕೇಳಿಸ್ಕೊಂಡು ಹಾಕ್ತಾರೆ. ಆ ಕೇಳೋರ ಜಾಗದಲ್ಲಿ ಒಂದ್ಸಲನಾದ್ರೂ ನಾವು ಕೂತು ನೋಡ್ಬೇಡ್ವಾ?" ಎಂದು ಅವರು ನನಗೆ ಒಂದೇ ಒಂದು ಬಾರಿ ಹೇಳಿದ್ದರು. ಹತ್ತೊಂಬತ್ತು ವರ್ಷಕ್ಕೆ ಅಷ್ಟು ಸಾಕಾಯಿತು.

ತಮ್ಮ ಕಣ್ಣಿಗೆ ಇದು ಹೇಗೆ ಕಂಡಿತೆಂಬುದನ್ನು ನಾನು ಬಲ್ಲೆ. ಒಬ್ಬ ಹೆಂಗಸು ಕೆಲಸದ ವೇಳೆಯಲ್ಲಿ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ, ಕೈಕಟ್ಟಿ ಕೂತಿದ್ದಾರೆ. ತಾವು ಟುಯ್ ಎಂದಿರಿ. ಅವರು ಕಣ್ಣು ಬಿಡಲಿಲ್ಲ. 'ನಿಮ್ಮ ಗಮನ ಎಲ್ಲಿದೆ?' ಎಂದಿರಿ. "ಕಿವೀಲಿ" ಎಂದರು. ಕಿವಿಗೆ ತಮ್ಮಲ್ಲಿ ಅಂಕವಿಲ್ಲ. ಮೊದಲ ತಿಂಗಳು ಅಕ್ಕನಿಗೆ ನಲವತ್ತನಾಲ್ಕು ಬಂತು. ಎರಡನೆಯ ತಿಂಗಳು ಮೂವತ್ತಾರು. ಆಗ ಮ್ಯಾನೇಜರ್ ಸಾಹೇಬರು ಬಹಳ ಸಂಕೋಚದಿಂದ ಬಂದು, "ಅಕ್ಕಾ, ಕೇಳೋ ಓದು ಸ್ವಲ್ಪ ದಿನ ನಿಲ್ಲಿಸಿಬಿಡೋಣ. ಪ್ರಧಾನ ಕಚೇರಿಯವರು ದಿನಾ ಪಟ್ಟಿ ನೋಡ್ತಾರೆ" ಎಂದರು. ಅಕ್ಕ ಒಳ್ಳೆಯದು ಎಂದು ತಲೆಯಾಡಿಸಿದರು. ಆದರೆ ಕೈಗೆ ಬಂದ ಪ್ರತಿ ಲೇಬಲ್ಲನ್ನೂ ಒಮ್ಮೆ ಕಣ್ಣು ಮುಚ್ಚಿ, ತಾವೇ ತುಟಿಯೊಳಗೆ ಓದಿಕೊಂಡಂತೆ ನೆನೆದುಕೊಂಡು, ಆಮೇಲೆಯೇ ಹಸಿರು ಶಾಯಿಯ ಪೆನ್ನು ತೆಗೆಯುತ್ತಿದ್ದರು. ಮೂರನೆಯ ತಿಂಗಳು ಮೂವತ್ತೊಂದು.

ಈಗ ನನ್ನ ತೊಂಬತ್ತೇಳರ ಗುಟ್ಟನ್ನು ಹೇಳಬೇಕಾಗಿದೆ. ಮೊದಲ ವಾರ ನನಗೂ ಐವತ್ತರ ಆಸುಪಾಸಿನಲ್ಲೇ ಬರುತ್ತಿತ್ತು. ಆಮೇಲೆ ಶಾಲೆಯಲ್ಲಿ ಕಲಿತ ಹಳೆಯ ವಿದ್ಯೆಯೊಂದು ನೆನಪಾಯಿತು. ಮೇಷ್ಟರ ಮುಖದ ಮೇಲೆ ಕಣ್ಣು ನೆಟ್ಟು, ಮುಖದಲ್ಲಿ ಅರ್ಥವಾದಂಥ ಕಳೆ ತಂದುಕೊಂಡು, ಮನಸ್ಸನ್ನು ಆಟದ ಮೈದಾನಕ್ಕೆ ಕಳಿಸಿಬಿಡುವ ವಿದ್ಯೆ ಅದು. ನಲವತ್ತು ವರ್ಷ ಉಪಯೋಗವಿಲ್ಲದೆ ಬಿದ್ದಿದ್ದರೂ ತುಕ್ಕು ಹಿಡಿದಿರಲಿಲ್ಲ. ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತದೆ, ಬೆರಳು ಹಿಂದೆಯೇ ಸರಿಯುತ್ತದೆ, ಹಾಳೆ ತಿರುವುತ್ತದೆ, ಒಳಗೆ ಯಾರೂ ಇರುವುದಿಲ್ಲ. ತಾವು ಹಸಿರಾಗಿ, ಸಂತುಷ್ಟರಾಗಿ ಕೂತಿರುತ್ತೀರಿ. ಈ ಅಭ್ಯಾಸ ಮನೆಗೂ ಬಂದು, ಒಂದು ದಿನ ಊಟಕ್ಕೆ ಕೂತಾಗ ನನ್ನ ಹೆಂಡತಿ, "ಏನ್ರೀ, ತಟ್ಟೆನ ಹಂಗೆ ಗುರಾಯಿಸ್ತೀರಿ, ಅದೇನ್ ಮಾಡಿತ್ತು ನಿಮಗೆ?" ಎಂದು ಕೇಳಿದಳು. ಅವಳು ಅರ್ಧ ಗಂಟೆಯಿಂದ ತನ್ನ ತಂಗಿಯ ವಿಷಯ ಹೇಳುತ್ತಿದ್ದಳಂತೆ. ನಾನು ಆ ಅರ್ಧ ಗಂಟೆಯೂ ಹಸಿರಾಗಿದ್ದೆ.

ಹೀಗಿರುವಾಗ, ಹೋದ ತಿಂಗಳ ಎರಡನೆಯ ವಾರ, ಮಕ್ಕಳಿಗೂ ದೊಡ್ಡವರಿಗೂ ಕೊಡುವಂಥ ಒಂದು ಕೆಮ್ಮಿನ ಔಷಧಿಯ ಲೇಬಲ್ಲು ನನ್ನ ಮೇಜಿಗೆ ಬಂತು. ಕಂಪನಿಯವರು ಕಳಿಸಿದ ಮೂಲಪ್ರತಿಯ ಪಟ್ಟಿಯಲ್ಲಿ ವಯಸ್ಸು ದೊಡ್ಡವರಿಂದ ಶುರುವಾಗಿ ಮಕ್ಕಳಿಗೆ ಇಳಿಯುತ್ತಿತ್ತು. ಮೇಲೆ ದೊಡ್ಡವರು, ಅವರ ಪಕ್ಕದಲ್ಲಿ ಎರಡು ಚಮಚ. ಕೆಳಗೆ ಒಂದರಿಂದ ಮೂರು ವರ್ಷದ ಮಗು, ಅದರ ಪಕ್ಕದಲ್ಲಿ ಕಾಲು ಚಮಚ. ಆಮೇಲೆ ಅವರೇ ಫೋನು ಮಾಡಿ, ಮಕ್ಕಳನ್ನು ಮೇಲೆ ಹಾಕಿ ಎಂದಿದ್ದಾರೆ. ಪುಟ ಜೋಡಿಸುವವರು ವಯಸ್ಸಿನ ಸಾಲನ್ನು ತಿರುಗಿಸಿ ಮಕ್ಕಳನ್ನು ಮೇಲೆ ತಂದರು, ಚಮಚದ ಸಾಲನ್ನು ತಿರುಗಿಸಲು ಮರೆತರು. ನಾನು ವಯಸ್ಸಿನ ಸಾಲನ್ನು ಮೇಲಿಂದ ಕೆಳಕ್ಕೆ ನೋಡಿದೆ, ಎಲ್ಲ ವಯಸ್ಸೂ ಇತ್ತು. ಚಮಚದ ಸಾಲನ್ನು ನೋಡಿದೆ, ಎಲ್ಲ ಚಮಚವೂ ಇತ್ತು. ಒಂದಕ್ಷರ ತಪ್ಪಿಲ್ಲ, ಒಂದು ಚುಕ್ಕೆ ಜಾರಿಲ್ಲ. ಆ ಹೊತ್ತಿನ ನನ್ನ ಏಕಾಗ್ರತೆ ನೂರಕ್ಕೆ ತೊಂಬತ್ತೆಂಟು ಎಂದು ತಮ್ಮ ದಾಖಲೆಯಲ್ಲೇ ಇದೆ. ನಾನು ಆಗ ಏನು ಯೋಚಿಸುತ್ತಿದ್ದೆನೆಂದು ತಮಗೆ ತಿಳಿಯುವ ಕುತೂಹಲವಿದ್ದರೆ, ಈ ತಿಂಗಳಾದರೂ ಮೂರನೆಯ ಕುರ್ಚಿಯವರನ್ನು ಹಿಂದೆ ಹಾಕಬಹುದೇ ಎಂದು ಯೋಚಿಸುತ್ತಿದ್ದೆ.

ಮಧ್ಯಾಹ್ನ ಒಂದರಿಂದ ಒಂದೂವರೆಯವರೆಗೆ ತಾವು ವಿಶ್ರಾಂತಿ ಪಡೆಯುತ್ತೀರಿ. ಊಟದ ಹೊತ್ತಿನಲ್ಲಿ ಏಕಾಗ್ರತೆ ಕಡ್ಡಾಯವಲ್ಲವೆಂಬುದು ಆಡಳಿತದವರ ಔದಾರ್ಯ. ಆವತ್ತು ಅಕ್ಕ ಊಟದ ಡಬ್ಬಿ ಬಿಚ್ಚಿಟ್ಟು, ಊಟ ಮಾಡದೆ, "ಬೆಳಿಗ್ಗೆದು ಒಂದು ಉಳಿದಿದೆ ಅಲ್ವಾ? ಓದಪ್ಪ, ಇವನು ಮಲಗಿದಾನೆ" ಎಂದು ತಾವಿರುವ ಮೂಲೆಯ ಕಡೆ ತೋರಿಸಿದರು. ನನಗೆ ಹಸಿವಾಗಿತ್ತು, ಬೇಸರದಿಂದಲೇ ಓದಿದೆ. 'ಒಂದರಿಂದ ಮೂರು ವರ್ಷದ ಮಕ್ಕಳಿಗೆ ಎರಡು ಚಮಚ.' ಅದನ್ನು ನನ್ನ ಬಾಯಿಂದಲೇ ಹೇಳಿ, ನನ್ನ ಕಿವಿಯಿಂದಲೇ ಕೇಳಿ, ಮುಂದಿನ ಸಾಲಿಗೆ ಹೋಗಿದ್ದೆ ಎಂಬುದನ್ನು ತಾವು ನಂಬಬೇಕು. ಅಕ್ಕ ಕಣ್ಣು ಬಿಟ್ಟರು. "ನಿಲ್ಲು. ಮಗೂಗೆ ಎರಡಾ?" ಎಂದರು. ನಾನು ಕೆಳಗಿನ ಸಾಲು ನೋಡಿದೆ. ದೊಡ್ಡವರಿಗೆ ಕಾಲು ಚಮಚ. ಕೆಳಗಿನ ಮಹಡಿಯಲ್ಲಿ ಅಚ್ಚಿನ ಯಂತ್ರ ತಯಾರಾಗಿ ನಿಂತಿತ್ತು, ಮೂರು ಗಂಟೆಗೆ ಅದೇ ಲೇಬಲ್ಲು ಓಡಬೇಕಿತ್ತು, ಎಂಬತ್ತು ಸಾವಿರ ಪ್ರತಿ.

ಅಕ್ಕ ಉಗ್ರಾಣಕ್ಕೆ ಕಳಿಸದೆ ಚೀಲದಲ್ಲಿ ಉಳಿಸಿಕೊಂಡಿದ್ದ ಒಂದು ಕೆಂಪು ಪೆನ್ನನ್ನು ನನ್ನ ಕೈಗೆ ಕೊಟ್ಟರು, ಅವರೇ ತಿದ್ದಲಿಲ್ಲ. "ನೀನೇ ಹಾಕು. ನಿನ್ನ ಕೈಯಲ್ಲೇ ಇರಲಿ" ಎಂದು ಹೇಳಿ ತಣ್ಣಗಾದ ಊಟಕ್ಕೆ ಕೈ ಹಾಕಿದರು. ನನ್ನ ಮರ್ಯಾದೆ ಉಳಿಸಲು ಹಾಗೆ ಮಾಡಿದರೆಂದು ಆಗಲೇ ಗೊತ್ತಾಯಿತು. ಗೊತ್ತಾಗಿಯೂ ಉಳಿಸಿಕೊಂಡೆ. ಸಂಜೆ ಮ್ಯಾನೇಜರ್ ಸಾಹೇಬರು ತಿದ್ದಿದ ಪ್ರೂಫ್ ನೋಡಿ, ನನ್ನ ಬೆನ್ನು ತಟ್ಟಿ, "ನೋಡಿದ್ರಾ, ಏಕಾಗ್ರತೆ ಅಂದ್ರೆ ಇದು" ಎಂದರು. ಆಗ ಅಕ್ಕ ಪಕ್ಕದ ಕುರ್ಚಿಯಲ್ಲೇ ಚೀಲಕ್ಕೆ ಡಬ್ಬಿ ಹಾಕಿಕೊಳ್ಳುತ್ತಿದ್ದರು. ನಾನು ಸಾಹೇಬರಿಗೆ ಬಗ್ಗಿ ನಮಸ್ಕಾರ ಮಾಡಿದೆ. ಮುಂದಿನ ವಾರ ಸಭೆಯಲ್ಲಿ ನನಗೆ ಪ್ರಮಾಣಪತ್ರ ಕೊಟ್ಟರು, ತೆಗೆದುಕೊಂಡೆ. ಚಪ್ಪಾಳೆ ತಟ್ಟಿದವರಲ್ಲಿ ಅಕ್ಕನೂ ಇದ್ದರು. ನನಗೆ ನಾಚಿಕೆಯಾಗಿದೆ. ಇದನ್ನು ವ್ಯಂಗ್ಯದಿಂದ ಹೇಳಲು ಎರಡು ದಿನ ಒದ್ದಾಡಿದೆ, ಆಗಲಿಲ್ಲ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೇನೆ.

ಮೊನ್ನೆ ಹೊರಬಿದ್ದ ಆದೇಶವನ್ನು ತಾವು ನೋಡಿರಬಹುದು, ಅದರ ಮೇಲೆ ತಮ್ಮದೇ ಅಂಕಪಟ್ಟಿಯನ್ನು ಲಗತ್ತಿಸಿದ್ದಾರೆ. ಸತತ ಮೂರು ತಿಂಗಳು ಐವತ್ತಕ್ಕಿಂತ ಕಡಿಮೆ ಏಕಾಗ್ರತೆ ತೋರಿಸಿರುವ ಕಾರಣ, ಎರಡನೆಯ ಕುರ್ಚಿಯವರನ್ನು ಸೋಮವಾರದಿಂದ ನೆಲಮಹಡಿಯ ಕಟ್ಟು ಕಟ್ಟುವ ವಿಭಾಗಕ್ಕೆ ಕಳುಹಿಸಲಾಗಿದೆ. 'ಹೋಗಬಹುದು' ಎಂದು ಬರೆಯುವ ಅಧಿಕಾರವನ್ನು ತೊಂಬತ್ತೇಳು ಅಂಕದ ನನಗೆ ವಹಿಸಲಾಗಿದೆ. ನನ್ನ ಗೈರುಹಾಜರಿಯಲ್ಲಿ, ಆದೇಶದ ಕೊನೆಯ ಸಾಲಿನ ಪ್ರಕಾರ, ಆ ಅಧಿಕಾರ ಮೂರನೆಯ ಕುರ್ಚಿಯವರದು. ಆದೇಶ ಓದಿದ ಮೇಲೆ ಅಕ್ಕ ಯಾರ ಮೇಲೂ ಸಿಡುಕಲಿಲ್ಲ. ಹಸಿರು ಶಾಯಿಯ ಪೆನ್ನನ್ನು ಒರೆಸಿ ನನ್ನ ಮುಂದಿಟ್ಟು, "ಶಾಯಿ ಬೇಗ ಒಣಗುತ್ತೆ, ಮುಚ್ಚಳ ಹಾಕೋದು ಮರೀಬೇಡ" ಎಂದರು.

ಆದಕಾರಣ ತಮ್ಮಲ್ಲಿ ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ಮಂಡಿಸುತ್ತಿದ್ದೇನೆ, ಈಡೇರಿಸಲು ಕಷ್ಟವಾದರೆ ಬೇಸರವಿಲ್ಲ. ತಾವು ದಯಮಾಡಿ ಒಂದು ಕಿವಿ ಬೆಳೆಸಿಕೊಳ್ಳಬೇಕು. ಒಂದು ದಿನದ ಮಟ್ಟಿಗೆ ತಂತಿ ಕಳಚಿಕೊಂಡು, ಕೆಮ್ಮುವ ಮಗುವಿರುವ ಯಾವುದಾದರೂ ಮನೆಗೆ ಹೋಗಿ, ಹಾಸಿಗೆಯ ಪಕ್ಕದಲ್ಲಿ ಕೂತು, ಅಲ್ಲಿ ಚಮಚ ಹಿಡಿದವರ ಏಕಾಗ್ರತೆಯನ್ನು ಅಳೆದು ಬರಬೇಕು. ಅವರ ಕಣ್ಣು ಮಗುವಿನ ಮುಖದ ಮೇಲಿರುತ್ತದೆ, ಕಾಗದದ ಮೇಲಿರುವುದಿಲ್ಲ, ದಯವಿಟ್ಟು ಟುಯ್ ಎನ್ನಬಾರದು. ಸೂರಿನ ಬಲಮೂಲೆಯಲ್ಲಿದ್ದ ನನ್ನ ನೆನಪನ್ನು ಹುಡುಕಿಸಿ ಕೊಡಬೇಕು. ಝರಿಯನ್ನು ನಿಲ್ಲಿಸಬೇಕು, ಇದೊಂದನ್ನು ಇಡೀ ಮಹಡಿಯ ಪರವಾಗಿ ಕೈಮುಗಿದು ಕೇಳುತ್ತಿದ್ದೇನೆ. ಮತ್ತು ಮೂರನೆಯ ಕುರ್ಚಿಯವರು ಎಂದಾದರೂ ಪುಟ ತಿರುವಿದರೆ ನನಗೆ ತಕ್ಷಣ ತಿಳಿಸಬೇಕು.

ಮ್ಯಾನೇಜರ್ ಸಾಹೇಬರಲ್ಲಿ ನನ್ನ ಕೋರಿಕೆ ಒಂದೇ. ಈ ಪತ್ರದ ಪಕ್ಕದಲ್ಲಿ ಎರಡು ಪ್ರೂಫುಗಳನ್ನು ಅಂಟಿಸಿದ್ದೇನೆ. ಮೊದಲನೆಯದು ತೊಂಬತ್ತೆಂಟು ಅಂಕದ ಏಕಾಗ್ರತೆಯಲ್ಲಿ ನಾನು ನೋಡಿ, ತಪ್ಪಿಲ್ಲವೆಂದು ಸಹಿ ಹಾಕಿದ್ದು, ಸಹಿ ನನ್ನದೇ, ಗುರುತಿಸಬಹುದು. ಎರಡನೆಯದು ಅಕ್ಕ ಕಣ್ಣು ಮುಚ್ಚಿ ಕೇಳಿದ ಮೇಲೆ ತಿದ್ದಿದ್ದು. ಪ್ರಮಾಣಪತ್ರವನ್ನೂ ಅದರ ಕೆಳಗೇ ಚುಚ್ಚಿದ್ದೇನೆ. ಸೋಮವಾರ ಯಾರಾದರೂ ಕಟ್ಟು ಕಟ್ಟುವ ವಿಭಾಗಕ್ಕೆ ಹೋಗಲೇಬೇಕೆಂದಿದ್ದರೆ, ನಾನು ಹೋಗುತ್ತೇನೆ. ನೂರರ ಕಟ್ಟು ಎಣಿಸಲು ಒಳಗೆ ಯಾರೂ ಇಲ್ಲದಿದ್ದರೂ ನಡೆಯುತ್ತದೆ. ಹಸಿರು ಪೆನ್ನನ್ನು ಎರಡನೆಯ ಕುರ್ಚಿಯ ಮುಂದೆ ಇಟ್ಟಿದ್ದೇನೆ, ಮುಚ್ಚಳ ಹಾಕಿದೆ.

ತಮ್ಮ ಅಮೂಲ್ಯವಾದ ಗಮನವನ್ನು ಇಷ್ಟು ಹೊತ್ತು ನನ್ನ ಮೇಲಿಟ್ಟದ್ದಕ್ಕೆ ಋಣಿಯಾಗಿರುವ,

ತಮ್ಮ ವಿಶ್ವಾಸಿ,
ಮೊದಲನೆಯ ಕುರ್ಚಿಯವನು
(ಶೇಕಡಾ ತೊಂಬತ್ತೇಳು)

ಪ್ರತಿ: ಮೂರನೆಯ ಕುರ್ಚಿಯವರಿಗೆ, ಬಿಡುವಾದಾಗ ಓದಿಕೊಳ್ಳಲು.

ಮರೆತ ಮಾತು: ಈ ಪತ್ರವನ್ನು ನಾನು ಮನೆಯಲ್ಲಿ ಬರೆದದ್ದಲ್ಲ. ಮೂರು ದಿನಗಳಿಂದ ಕೆಲಸದ ವೇಳೆಯಲ್ಲೇ, ತಮ್ಮ ಎದುರಿನಲ್ಲೇ, ಹಳೆಯ ಪ್ರೂಫುಗಳ ಹಿಂಬದಿಯಲ್ಲಿ, ಕಣ್ಣು ಕಾಗದದಿಂದ ಎತ್ತದೆ ಬರೆದೆ. ಆ ಮೂರು ದಿನ ಬಂದ ಲೇಬಲ್ಲುಗಳನ್ನೆಲ್ಲ ತಾವು ಮಲಗಿರುವ ಅರ್ಧ ಗಂಟೆಯಲ್ಲಿ ನಾನು ಓದಿದ್ದೇನೆ, ಅಕ್ಕ ಕೇಳಿದ್ದಾರೆ. ಈ ಮೂರು ದಿನಗಳ ನನ್ನ ಏಕಾಗ್ರತೆ ತೊಂಬತ್ತೊಂಬತ್ತು ಎಂದು ತಾವು ಇವತ್ತು ಬೆಳಿಗ್ಗೆ ಘೋಷಿಸಿ ಅಭಿನಂದಿಸಿದ್ದೀರಿ, ಧನ್ಯವಾದಗಳು. ಹೋದ ಒಂದು ಅಂಕದ ಬಗ್ಗೆ ವಿವರಣೆ ಕೊಡುವುದು ನನ್ನ ಕರ್ತವ್ಯ. 'ನನಗೆ ನಾಚಿಕೆಯಾಗಿದೆ' ಎಂದು ಬರೆದ ಮೇಲೆ ನಾನು ತಲೆಯೆತ್ತಿ ಎರಡನೆಯ ಕುರ್ಚಿಯ ಕಡೆ ನೋಡಿದೆ. ತಾವು ಕೂಡಲೇ ಕೆಂಪಾಗಿ, ಟುಯ್ ಎಂದು ಕೂಗಿ, ನನ್ನ ಗಮನ ಎಲ್ಲಿದೆ ಎಂದು ಕೇಳಿದಿರಿ. ನಾಲ್ಕು ತಿಂಗಳಲ್ಲಿ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿದ್ದದ್ದು ಅದೊಂದೇ ಸಲ.